ಬಾತ್‌ರೂಮ್ ಒಡೆಯುವ ಮೊದಲು ಕಾಗದ: ನಮ್ಮ ಮುಂಬಯಿ ಗ್ರಾಹಕರಿಗೆ

ನಮಸ್ಕಾರ,

ಮುಂದಿನ ತಿಂಗಳ 1ನೇ ತಾರೀಖಿನಿಂದ ನಾವು ಯಾರ ಮನೆಯಲ್ಲೂ ಬರೀ ಫೋನಿನ ಮಾತಿನ ಮೇಲೆ ರಿಪೇರಿ ಕೆಲಸ ಶುರು ಮಾಡುವುದಿಲ್ಲ. ಶುರುವಿಗೆ ಮುಂಚೆ ನಿಮ್ಮ ಹೌಸಿಂಗ್ ಸೊಸೈಟಿಯ ಪರವಾನಗಿ ಪತ್ರ ಬೇಕು. ಯಾವ ಕೆಲಸ, ಎಷ್ಟು ದುಡ್ಡು, ಯಾವ ಹಂತಕ್ಕೆ ಎಷ್ಟು ಅಂತ ಬರೆದ ಕರಾರಿಗೆ ನೀವೂ ನಾವೂ ಸಹಿ ಹಾಕಬೇಕು. ವಾಟರ್‌ಪ್ರೂಫಿಂಗ್ ಆದಮೇಲೆ ನೀರು ನಿಲ್ಲಿಸಿ ನೋಡಿದ ಚೀಟಿಗೆ ಕೆಳಗಿನ ಮನೆಯವರ ಸಹಿಯೂ ಬೇಕು.

ಇದರಿಂದ ಕೆಲಸ ಶುರುವಾಗುವುದು ಕೆಲವು ದಿನ ತಡವಾಗುತ್ತದೆ. ಮಳೆಗಾಲಕ್ಕೆ ಮೊದಲು ಮುಗಿಯಲಿ ಅಂತ ಕಾಯುತ್ತಿರುವವರಿಗೆ ತೊಂದರೆ ಆಗುತ್ತದೆ, ಗೊತ್ತು. ಅದಕ್ಕೆ ಕ್ಷಮೆ ಕೇಳುತ್ತೇವೆ. ಆದರೆ ನಿಯಮ ಬದಲಾಗುವುದಿಲ್ಲ.

"ಅಣ್ಣಾ, ನಮ್ಮ ನಿಮ್ಮ ನಡುವೆ ಕಾಗದ ಯಾವಾಗಿಂದ ಬಂತು?" ಅಂತ ಕೆಲವರು ಬೇಜಾರಿನಿಂದಲೇ ಕೇಳಿದ್ದಾರೆ. ನಿಮ್ಮ ಮೇಲೆ ನಮಗೆ ಅನುಮಾನ ಇಲ್ಲ. ಜಗಳ ಶುರುವಾಗುವುದು ಹೆಚ್ಚಾಗಿ ಕೆಳಗಿನ ಮನೆಯಿಂದ. ಕಳೆದ ಮಳೆಗಾಲದಲ್ಲಿ ಘಾಟ್‌ಕೋಪರ್‌ನ ಒಂದು ಕಟ್ಟಡದಲ್ಲಿ ಮೂರನೇ ಮಹಡಿಯ ಬಾತ್‌ರೂಮ್ ಮಾಡಿಕೊಟ್ಟಿದ್ದೆವು. ಎರಡನೇ ಮಹಡಿಯ ಸೀಲಿಂಗ್ ಒದ್ದೆಯಾಯಿತು. ಎಲ್ಲರ ಬೆರಳೂ ನಮ್ಮ ಕಡೆಗೇ ತಿರುಗಿತು. ಬಾಕಿ ದುಡ್ಡು ನಿಂತಿತು. ಹೊಸ ಲಾದಿಯನ್ನು, ಅಂದರೆ ನೆಲದ ಟೈಲ್ಸನ್ನು, ಎರಡು ಕಡೆ ನಮ್ಮ ಖರ್ಚಿನಲ್ಲೇ ಎಬ್ಬಿಸಿ ನೋಡಿದೆವು, ಒಳಗೆ ಒಣಗಿತ್ತು. ಕೊನೆಗೆ ಪೈಪುಗಳು ಹಾದುಹೋಗುವ ಡಕ್ಟ್‌ಗೆ ಇಳಿದು ನೋಡಿದರೆ ಇಡೀ ಕಟ್ಟಡದ ಹಳೇ ಬೀಡು ಪೈಪಿನ ಜಾಯಿಂಟ್ ಸೋರುತ್ತಿತ್ತು. ಅದು ಸೊಸೈಟಿಯ ಕೆಲಸ. ಅಷ್ಟರಲ್ಲಿ ಆ ಬಿಲ್ಡಿಂಗ್ ತುಂಬಾ ನಮ್ಮ ಹೆಸರು ಕೆಟ್ಟಿತ್ತು. ಹೆಸರು ಕೆಟ್ಟಿದ್ದಕ್ಕೆ ಪರಿಹಾರ ಯಾರು ಕೊಡುತ್ತಾರೆ?

ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾದಲ್ಲಿ ಈ ಹಂಚಿಕೆ ಸ್ಪಷ್ಟವಾಗಿದೆ. ಟಾಯ್ಲೆಟ್, ಸಿಂಕ್‌ನಂಥ ಒಳಗಿನ ಸೋರಿಕೆ ಆ ಫ್ಲ್ಯಾಟಿನವರ ಖರ್ಚು. ಹೊರಗಿನ ಸಾಮಾನ್ಯ ಪೈಪು, ಡ್ರೇನೇಜ್ ಲೈನು, ಮಳೆನೀರಿನ ಸೋರಿಕೆ ಸೊಸೈಟಿಯ ಖರ್ಚು. ಹಾಗಾಗಿ ಸೋರಿಕೆ ಎಲ್ಲಿಂದ ಅಂತ ಮೊದಲು ಗೊತ್ತಾಗಬೇಕು. ಅದಕ್ಕೇ ನೀರಿನ ಪರೀಕ್ಷೆ. ನಹಾನಿ ಟ್ರ್ಯಾಪಿನ (ನೆಲದಲ್ಲಿ ನೀರು ಹೋಗುವ ತೂತಿನ) ಬಾಯಿ ಕಟ್ಟಿ, ಎರಡು ಇಂಚು ನೀರು ನಿಲ್ಲಿಸಿ, ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೀಟು ಎಳೆಯುತ್ತೇವೆ. 48 ಗಂಟೆ ಬಿಡುತ್ತೇವೆ. ಅಷ್ಟು ಹೊತ್ತೂ ಆ ಬಾತ್‌ರೂಮಿಗೆ ಬೀಗ. ನಡುನಡುವೆ ನಮ್ಮ ಗವಂಡಿ (ಮೇಸ್ತ್ರಿ) ಕೆಳಗಿನ ಮನೆಗೆ ಹೋಗಿ ಟಾರ್ಚ್ ಹಿಡಿದು ಪೈಪಿನ ಸುತ್ತ ಸೀಲಿಂಗ್ ಮುಟ್ಟಿ ನೋಡುತ್ತಾನೆ. ಒಣಗಿದ್ದರೆ ಅಲ್ಲೇ ಸಹಿ. ಒದ್ದೆ ಇದ್ದರೆ ಲಾದಿ ಹಾಕುವ ಮೊದಲೇ ನಾವು ಮತ್ತೆ ಮಾಡುತ್ತೇವೆ, ಒಂದು ಪೈಸೆ ಕೇಳುವುದಿಲ್ಲ.

ಈಗ ನಾವು ಅತಿ ಜಾಸ್ತಿ ಕೇಳಿಸಿಕೊಂಡ ಮಾತು. "ರೇರಾ ಪ್ರಕಾರ 5 ವರ್ಷ ಗ್ಯಾರಂಟಿ ಇದೆ ಅಲ್ವಾ? ನೀವು 3 ವರ್ಷ ಅಂತ ಯಾಕೆ ಬರೆಯುತ್ತೀರಿ?" ಮಾಟುಂಗಾದಲ್ಲಿ ಯಾವುದೋ ಕಾರ್ಯಕ್ರಮಕ್ಕೆ ಹೋದರೂ ಇದೇ ಪ್ರಶ್ನೆ, ಅಲ್ಲಿ ಪೂರ್ತಿ ಹೇಳಲು ಆಗುವುದಿಲ್ಲ. ಇಲ್ಲಿ ಹೇಳುತ್ತೇವೆ.

ರೇರಾ ಅಂದರೆ ಬಿಲ್ಡರುಗಳಿಗಾಗಿ ಬಂದ 2016ರ ರಿಯಲ್ ಎಸ್ಟೇಟ್ ಕಾಯ್ದೆ. ಅದರ 14ನೇ ಕಲಮಿನಲ್ಲಿರುವ 5 ವರ್ಷದ ಹೊಣೆ ನಿಮಗೆ ಫ್ಲ್ಯಾಟ್ ಮಾರಿದ ಬಿಲ್ಡರನದು. ಪೊಸೆಶನ್ ಸಿಕ್ಕ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕೆಲಸದಲ್ಲಿ, ಗುಣಮಟ್ಟದಲ್ಲಿ ದೋಷ ಕಂಡು ನೀವು ತಿಳಿಸಿದರೆ, 30 ದಿನದೊಳಗೆ ಅವನು ದುಡ್ಡು ತೆಗೆದುಕೊಳ್ಳದೆ ಸರಿ ಮಾಡಿಕೊಡಬೇಕು. ಮಾಡದಿದ್ದರೆ ಆ ಕಾಯ್ದೆಯ ಮಹಾರಾಷ್ಟ್ರದ ಪ್ರಾಧಿಕಾರವಾದ ಮಹಾರೇರಾಕ್ಕೆ ದೂರು ಕೊಡಬಹುದು. ಹಳೇ ಫ್ಲ್ಯಾಟಿನ ಒಂದು ಬಾತ್‌ರೂಮ್ ರಿಪೇರಿ ಮಾಡುವ ನಮ್ಮಂಥವರಿಗೆ ಆ ಕಲಮು ತಾಗುವುದಿಲ್ಲ. ಇದು ನುಣುಚಿಕೊಳ್ಳುವ ಮಾತಲ್ಲ. ನಾವು ಮುಟ್ಟಿದ ಜಾಗಕ್ಕೆ ನಾವು ಹೊಣೆ, ಮುಟ್ಟದ ಸ್ಲ್ಯಾಬಿಗೆ, ಯಾರೋ ಹಾಕಿದ ಪೈಪಿಗೆ ಹೇಗೆ ಹೊಣೆ ಹೊರುವುದು? ಅದಕ್ಕೇ 3 ವರ್ಷ, ಅದಕ್ಕೇ ಕರಾರಿನಲ್ಲಿ ಜಾಗದ ಹೆಸರು ಬರೆಯುವುದು.

ಇನ್ನೊಂದು ಮಾತು. ನಿಮ್ಮ ಫ್ಲ್ಯಾಟ್ ಹೊಸದಾಗಿದ್ದು 5 ವರ್ಷ ಆಗಿಲ್ಲದಿದ್ದರೆ ದಯವಿಟ್ಟು ನಮಗೆ ಕೆಲಸ ಕೊಡಬೇಡಿ. ಮೊದಲು ಬಿಲ್ಡರಿಗೆ ಬರವಣಿಗೆಯಲ್ಲಿ ತಿಳಿಸಿ, ಫೋಟೋ ಇಟ್ಟುಕೊಳ್ಳಿ. ಬೇರೆ ಲಾದಿ ಬೇಕು ಅಂತ ನೀವೇ ಒಡೆಸಿದರೆ, ವಾಟರ್‌ಪ್ರೂಫಿಂಗ್ ನೀವೇ ಕೆಡಿಸಿದಿರಿ ಅಂತ ಬಿಲ್ಡರ್ ಕೈ ತೊಳೆದುಕೊಳ್ಳಲು ದಾರಿ ಆಗುತ್ತದೆ. ಈ ಮಾತು ಹೇಳಿ ನಾವು ಎಷ್ಟೋ ಕೆಲಸ ಬಿಟ್ಟಿದ್ದೇವೆ. ಅದರ ಬಗ್ಗೆ ನಮಗೆ ಹೆಮ್ಮೆ ಇದೆ.

ನಮ್ಮ ಕೆಲಸವೇ ಕೆಟ್ಟು, ನಾವು ಸರಿ ಮಾಡಿಕೊಡದಿದ್ದರೆ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಮಗೂ ಅನ್ವಯಿಸುತ್ತದೆ. ನೀವು ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕ ಇಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ಅಲ್ಲಿಯೂ ಮೊದಲು ಕೇಳುವುದು ಬಿಲ್ಲು, ಕರಾರು. ಹಾಗಾಗಿ ಈ ಕಾಗದ ನಮಗಿಂತ ನಿಮಗೇ ಜಾಸ್ತಿ ಉಪಯೋಗ. ಬಿಲ್ಲಿಲ್ಲದ ಕೆಲಸ ನಾವು ಮೊದಲೂ ಮಾಡಿಲ್ಲ, ಮುಂದೆಯೂ ಮಾಡುವುದಿಲ್ಲ.

ರೇಟಿನ ಬಗ್ಗೆ ಸಿಟ್ಟು ಇದೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು, ನೀವು ಮಾತ್ರ ಇಳಿಸಲಿಲ್ಲ ಅಂತ. ಲೆಕ್ಕ ನೋಡಿ. ಸಿಮೆಂಟಿಗೆ ಕೊಟ್ಟ ತೆರಿಗೆ ನಾವು ಸರಕಾರಕ್ಕೆ ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳಲು ನಮಗೆ ಮೊದಲೂ ಕ್ರೆಡಿಟ್ ಆಗಿ ಸಿಗುತ್ತಿತ್ತು, ಅದು ನಿಮ್ಮ ರೇಟಿನಲ್ಲಿ ಸೇರಿರಲೇ ಇಲ್ಲ. ನಿಮ್ಮ ಬಿಲ್ಲಿನ ಮೇಲಿನ ತೆರಿಗೆ ಅಂದೂ 18, ಇಂದೂ 18, ಅದನ್ನು ಸರಕಾರಕ್ಕೆ ಕಟ್ಟುತ್ತೇವೆ. ಒಂದು ಬಾತ್‌ರೂಮಿಗೆ ಹಿಡಿಯುವುದು ಕೆಲವೇ ಚೀಲ ಸಿಮೆಂಟು. ದುಡ್ಡು ಹೋಗುವುದು ಕೂಲಿಗೆ, ಕೆಮಿಕಲ್‌ಗೆ, ಡೆಬ್ರಿಸ್ (ಒಡೆದ ಕಸ) ಸಾಗಿಸಲು. ಲಿಫ್ಟಿನಲ್ಲಿ ಡೆಬ್ರಿಸ್ ಒಯ್ಯಲು ಎಷ್ಟೋ ಸೊಸೈಟಿ ಬಿಡುವುದಿಲ್ಲ. ಐದನೇ ಮಹಡಿಯಿಂದ ಚೀಲ ಚೀಲವಾಗಿ ಹೆಗಲ ಮೇಲೆ ಇಳಿಸಬೇಕು. ಆಮೇಲೆ ತಾಡಪತ್ರಿ ಮುಚ್ಚಿದ ಗಾಡಿಯಲ್ಲಿ ಮಹಾನಗರಪಾಲಿಕೆ ಒಪ್ಪುವ ಜಾಗಕ್ಕೇ ಮುಟ್ಟಿಸಬೇಕು. ರಾತ್ರಿ ಖಾಡಿ (ಸಮುದ್ರದ ಹಿನ್ನೀರು) ಬದಿಗೆ ಸುರಿದು ಬರುವ ಟೆಂಪೋ ಅಗ್ಗಕ್ಕೆ ಸಿಗುತ್ತದೆ. ಅಂಥ ಟೆಂಪೋವನ್ನು ನಾವು ಕರೆಯುವುದಿಲ್ಲ.

ಗೋಡೆ ತೆಗೆಸುವವರಿಗೆ ಒಂದೇ ಮಾತು. ಕಿಚನ್ ಓಪನ್ ಮಾಡಲು ಸ್ಟ್ರಕ್ಚರಲ್ ಇಂಜಿನಿಯರ್ ಬರೆದು ಕೊಡಬೇಕು. ಕಾಲಮ್, ಬೀಮ್ ಯಾರು ಹೇಳಿದರೂ ಮುಟ್ಟುವುದಿಲ್ಲ. 2017ರ ಜುಲೈನಲ್ಲಿ ಘಾಟ್‌ಕೋಪರ್‌ನಲ್ಲಿ ನಾಲ್ಕು ಮಹಡಿಯ ಕಟ್ಟಡ ಕುಸಿದು 17 ಜನ ಹೋದರು. ನೆಲಮಹಡಿಯಲ್ಲಿ ನಡೆಯುತ್ತಿದ್ದ ರಿಪೇರಿಯೇ ಕಾರಣ ಅಂತ ಆರೋಪ ಬಂತು. ಅದಾದ ಮೇಲೆ ಈ ವಿಷಯದಲ್ಲಿ ನಮ್ಮ ಹತ್ತಿರ ಚೌಕಾಸಿ ಇಲ್ಲ.

ಈಗಾಗಲೇ ಟೋಕನ್ ಕೊಟ್ಟವರಿಗೆ ಹಳೇ ರೇಟೇ, ಕರಾರು ಮಾತ್ರ ಹೊಸದು. ಸೊಸೈಟಿಗೆ ಕೊಡುವ ಅರ್ಜಿ ಮರಾಠಿಯಲ್ಲಿ ಬರೆಯಲು ಕಷ್ಟವಾದರೆ ಅಂಗಡಿಗೆ ಬನ್ನಿ, ನಾವೇ ಬರೆದು ಕೊಡುತ್ತೇವೆ. ಕರಾರನ್ನು ಕನ್ನಡದಲ್ಲಿ ಓದಿ ಹೇಳುತ್ತೇವೆ. ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದರೆ ಫೋನ್ ಮಾಡಿ, ಸೆಕ್ರೆಟರಿ ಹತ್ತಿರ ನಾವೇ ಹೋಗಿ ಮಾತಾಡುತ್ತೇವೆ. ಭಾನುವಾರ ಕೆಲಸ ಇಲ್ಲ, ಅಂಗಡಿ ಮಾತ್ರ ಮಧ್ಯಾಹ್ನದ ತನಕ ತೆರೆದಿರುತ್ತದೆ.

ನಿಮ್ಮ,
ಅಂಗಡಿಯವರು