ಪೇಟೆಂಟ್ ಎಣಿಸಿದರೆ ಸಾಲದು, ಕರಾರನ್ನೂ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಸಾರ್ವಜನಿಕ ಹಣದಲ್ಲಿ ನಡೆಯುವ ಸಂಶೋಧನಾ ಸಂಸ್ಥೆಗಳ ಸಾಧನೆ ಅಳೆಯುವಾಗ ‘ಎಷ್ಟು ಪೇಟೆಂಟ್ ಬಂತು’ ಎಂಬ ಲೆಕ್ಕವೇ ಮುಂದೆ ಬರುತ್ತದೆ. ಆ ಲೆಕ್ಕದಿಂದ ತಿಳಿಯುವುದು ಬಹಳ ಕಡಿಮೆ. ತೆರಿಗೆ ಹಣದಿಂದ ಹುಟ್ಟಿದ ಆವಿಷ್ಕಾರ ಜನರಿಗೆ ತಲುಪುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಎರಡು ಕಾಗದಗಳ ಮೇಲೆ ನಿಂತಿದೆ: ಸಂಶೋಧಕರು ಕೆಲಸಕ್ಕೆ ಸೇರುವಾಗ ಸಹಿ ಹಾಕುವ ಹಕ್ಕು ವರ್ಗಾವಣೆ ಪತ್ರ, ಆಮೇಲೆ ಆವಿಷ್ಕಾರ ಬಳಸಲು ಅನುಮತಿ ಕೊಟ್ಟು ಕಂಪನಿಯೊಂದಿಗೆ ಆಗುವ ಲೈಸೆನ್ಸ್ ಕರಾರು.

ಇವೆರಡರ ನಡುವೆ ಮೊದಲು ಎಡವುವುದು ದಿನಾಂಕದಲ್ಲಿ. ಯುರೋಪಿನ ನಿಯಮದಂತೆ ಪೇಟೆಂಟ್ ಅರ್ಜಿಗೆ ಮುನ್ನ ಆವಿಷ್ಕಾರ ಎಲ್ಲೇ ಬಹಿರಂಗವಾಗಲಿ, ಪೇಟೆಂಟಿಗೆ ಬೇಕಾದ ಹೊಸತನ ಹೋದಂತೆಯೇ. ವಿನಾಯಿತಿಗಳು ತೀರಾ ಕಡಿಮೆ. ಅಮೆರಿಕದಲ್ಲಿ ಸಂಶೋಧಕರ ಸ್ವಂತ ಪ್ರಕಟಣೆಗೆ 1 ವರ್ಷದ ರಿಯಾಯಿತಿ ಇದೆ. ಡಿಎನ್‌ಎ ತುಣುಕುಗಳನ್ನು ಜೋಡಿಸಿ ಬ್ಯಾಕ್ಟೀರಿಯಾದಲ್ಲಿ ವೃದ್ಧಿಸುವ ಅಮೆರಿಕದ ವಿಜ್ಞಾನಿಗಳಾದ ಕೊಹೆನ್ ಮತ್ತು ಬೋಯರ್ ಅವರ ವಿಧಾನ 1973ರ ನವೆಂಬರ್‌ನಲ್ಲಿ ಪ್ರಕಟವಾಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಅರ್ಜಿ ಹಾಕಿದ್ದು 1974ರ ನವೆಂಬರ್‌ನಲ್ಲಿ, ಗಡುವು ಇನ್ನೇನು ಮುಗಿಯುತ್ತದೆ ಎನ್ನುವಾಗ. ಅಮೆರಿಕದ ಹಕ್ಕು ಉಳಿಯಿತು, ಹೊರದೇಶಗಳದ್ದು ಕೈತಪ್ಪಿತು.

ಪ್ರಿಪ್ರಿಂಟ್ (ಪರಿಶೀಲನೆಗೆ ಮುನ್ನವೇ ಜಾಲದಲ್ಲಿ ಹಾಕುವ ಪ್ರಬಂಧ), ಸಮ್ಮೇಳನದ ಪೋಸ್ಟರ್, ಸಭೆಗೆ ವಾರಗಳ ಮೊದಲೇ ಜಾಲತಾಣ ಸೇರುವ ಸಾರಾಂಶ, ಗ್ರಂಥಾಲಯಕ್ಕೆ ಹೋದ ಪಿಎಚ್‌.ಡಿ ಪ್ರಬಂಧ, ಎಲ್ಲವೂ ಬಹಿರಂಗದ ಲೆಕ್ಕಕ್ಕೇ ಬರುತ್ತವೆ. ಆದ್ದರಿಂದ ಪ್ರಬಂಧ ಇನ್ನೂ ಕರಡಾಗಿರುವಾಗಲೇ ಸಂಸ್ಥೆಗೆ ಆವಿಷ್ಕಾರದ ವಿವರ ಸಲ್ಲಿಕೆಯಾಗಬೇಕು. ಯಾವ ಅನುದಾನದಿಂದ ಕೆಲಸ ನಡೆಯಿತು, ಹೊರಗಿನಿಂದ ತಂದ ಜೀವಕೋಶ, ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದ ಡಿಎನ್‌ಎ ಉಂಗುರ), ಸಾಫ್ಟ್‌ವೇರ್ ಯಾವ ಷರತ್ತಿನ ಮೇಲೆ ಬಂದವು, ಯಾವ ಅಂಶವನ್ನು ಯಾರು ಯೋಚಿಸಿದರು ಎಂಬುದು ಅದರಲ್ಲಿರಬೇಕು. ಪ್ರಬಂಧದ ಲೇಖಕರ ಪಟ್ಟಿಯನ್ನೇ ಆವಿಷ್ಕಾರಕರ ಪಟ್ಟಿಯಾಗಿ ಇಳಿಸುವುದು ತಪ್ಪು. ಗೌರವಕ್ಕೆಂದು ಸೇರಿಸಿದ ಹಿರಿಯರ ಹೆಸರು, ಕೈಬಿಟ್ಟ ವಿದ್ಯಾರ್ಥಿಯ ಹೆಸರು ಎರಡೂ ಮುಂದೆ ನ್ಯಾಯಾಲಯದಲ್ಲಿ ಪೇಟೆಂಟಿಗೇ ಮುಳುವಾಗಬಲ್ಲವು.

ಅವಸರದಲ್ಲಿ ಕರಡು ಪ್ರಬಂಧವನ್ನೇ ತಾತ್ಕಾಲಿಕ ಅರ್ಜಿಯಾಗಿ (ದಿನಾಂಕ ಕಾಯ್ದಿರಿಸುವ ಮೊದಲ ಅರ್ಜಿಯಾಗಿ) ಸಲ್ಲಿಸುವ ರೂಢಿಯೂ ಇದೆ. ಪ್ರಬಂಧದಲ್ಲಿ ಒಂದೇ ಸಂಯುಕ್ತ, ಒಂದೇ ತಾಪಮಾನ ಇದ್ದರೆ ಆ ದಿನಾಂಕದ ರಕ್ಷಣೆ ಸಿಗುವುದು ಅಷ್ಟಕ್ಕೇ. ವರ್ಷದೊಳಗೆ ಪೂರ್ಣ ಅರ್ಜಿಯಲ್ಲಿ ಸೇರಿಸಿದ ಹೊಸ ವ್ಯಾಪ್ತಿಗೆ ಹೊಸ ದಿನಾಂಕವೇ ಗತಿ. ಅಷ್ಟರಲ್ಲಿ ಪ್ರಕಟವಾದ ತಮ್ಮದೇ ಪ್ರಬಂಧ ಅದಕ್ಕೆ ಅಡ್ಡ ನಿಲ್ಲುತ್ತದೆ. ಇನ್ನೊಬ್ಬರು ಯಾವ ಬದಲಾವಣೆ ಮಾಡಿ ಪಕ್ಕದಿಂದ ನುಸುಳಬಹುದು ಎಂದು ಯೋಚಿಸಿ, ಅವನ್ನೆಲ್ಲ ಮೊದಲ ದಿನವೇ ಬರೆಯುವುದಕ್ಕೆ ಹೆಚ್ಚೆಂದರೆ ಕೆಲವು ವಾರ ಬೇಕು. ಆಮೇಲೆ ಧಾರಾಳವಾಗಿ ಪ್ರಕಟಿಸಲಿ.

ಮೊದಲ ಅರ್ಜಿಯಿಂದ 12 ತಿಂಗಳೊಳಗೆ ಅಂತರರಾಷ್ಟ್ರೀಯ ಅರ್ಜಿ, ಸಾಮಾನ್ಯವಾಗಿ 30 ತಿಂಗಳೊಳಗೆ ದೇಶವಾರು ಪ್ರವೇಶ, ಅಂದರೆ ಹಕ್ಕು ಬೇಕಾದ ಒಂದೊಂದು ದೇಶದಲ್ಲೂ ಅರ್ಜಿ ಮುಂದುವರಿಸುವುದು. ದೊಡ್ಡ ಖರ್ಚು ಬರುವುದು ಈ ಎರಡನೇ ಗಡುವಿನಲ್ಲಿ. ಅಷ್ಟರೊಳಗೆ ಯಾವ ಕಂಪನಿಯೂ ಆಸಕ್ತಿ ತೋರದಿದ್ದರೆ, ತೋರುವ ಲಕ್ಷಣವೂ ಇಲ್ಲದಿದ್ದರೆ, ಬಿಟ್ಟುಬಿಡುವುದೇ ಸರಿ. ಸಂಖ್ಯೆಗಾಗಿ ವರ್ಷವರ್ಷ ಶುಲ್ಕ ಕಟ್ಟುತ್ತಾ ಹೋದರೆ ಅದೂ ಸಾರ್ವಜನಿಕ ಹಣವೇ.

ಈಗ ಸಹಿಯ ವಿಷಯ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರೊಬ್ಬರು ಸೇರುವಾಗ ಆವಿಷ್ಕಾರಗಳ ಹಕ್ಕನ್ನು ‘ವರ್ಗಾಯಿಸಲು ಒಪ್ಪುತ್ತೇನೆ’ ಎಂದು ಬರೆದುಕೊಟ್ಟಿದ್ದರು. ಡಿಎನ್‌ಎ ಚೂರನ್ನು ಅಸಂಖ್ಯ ಪ್ರತಿ ಮಾಡುವ ಪಿಸಿಆರ್ ವಿಧಾನ ಕಲಿಯಲು ಸೀಟಸ್ ಕಂಪನಿಗೆ ಹೋದಾಗ ಅಲ್ಲಿ ಸಹಿ ಮಾಡಿದ ಪತ್ರದಲ್ಲಿ ‘ಈ ಮೂಲಕ ವರ್ಗಾಯಿಸುತ್ತೇನೆ’ ಎಂದಿತ್ತು. ಮೊದಲನೆಯದು ಮುಂದೆ ಕೊಡುವ ಮಾತು, ಎರಡನೆಯದು ಅಲ್ಲೇ ಕೊಟ್ಟಾಯಿತು. ಸೀಟಸ್‌ನ ಪಿಸಿಆರ್ ವ್ಯವಹಾರ ಕೊಂಡಿದ್ದ ರೋಶ್ ಕಂಪನಿ, ಪೇಟೆಂಟ್ ವ್ಯಾಜ್ಯ ಬಂದಾಗ ಆ ಪತ್ರ ಮುಂದಿಟ್ಟಿತು. ಸರ್ಕಾರಿ ಅನುದಾನ ಇದ್ದ ಮಾತ್ರಕ್ಕೆ, ಅಂಥ ಆವಿಷ್ಕಾರಗಳ ಒಡೆತನ ಕುರಿತ ಅಮೆರಿಕದ ಬೇ-ಡೋಲ್ ಕಾಯ್ದೆ ಆವಿಷ್ಕಾರವನ್ನು ತಾನಾಗಿಯೇ ಸಂಸ್ಥೆಯ ಕೈಗಿಡುವುದಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು. ಬೇರೆ ಪ್ರಯೋಗಾಲಯಕ್ಕೆ ಹೋಗುವವರ ಸಂದರ್ಶಕ ಕರಾರನ್ನು ಕಳಿಸುವ ಸಂಸ್ಥೆ ಮೊದಲೇ ಓದಲೇಬೇಕು.

ಜಂಟಿ ಒಡೆತನವೂ ಇಂಥದ್ದೇ ತೊಡಕು. ಅಮೆರಿಕದಲ್ಲಿ ಒಬ್ಬ ಒಡೆಯ ಇನ್ನೊಬ್ಬರನ್ನು ಕೇಳದೆಯೇ ಲೈಸೆನ್ಸ್ ಕೊಡಬಹುದು. ಬ್ರಿಟನ್ನಿನಲ್ಲಿ ಒಪ್ಪಿಗೆ ಬೇಕು. ಒಂದು ಕಡೆ ಹಕ್ಕು ಸೋರುತ್ತದೆ, ಇನ್ನೊಂದು ಕಡೆ ಕಡತ ನಿಂತುಬಿಡುತ್ತದೆ. ಲೈಸೆನ್ಸ್ ಕೊಡುವ ಹೊಣೆ ಯಾರದು, ಖರ್ಚು ಯಾರದು ಎಂದು ಯೋಜನೆಯ ಆರಂಭದಲ್ಲೇ ಬರೆದುಕೊಳ್ಳಬೇಕು.

ಲೈಸೆನ್ಸ್ ಕೊಡುವಾಗ ಎಲ್ಲರಿಗೂ ಬೇಕಾಗುವ ವಿಧಾನ, ಉಪಕರಣಗಳನ್ನು ಒಬ್ಬರಿಗೇ ಕಟ್ಟಿಹಾಕಬಾರದು. ಕೊಹೆನ್–ಬೋಯರ್ ಪೇಟೆಂಟನ್ನು ನೂರಾರು ಕಂಪನಿಗಳಿಗೆ ಏಕಸ್ವಾಮ್ಯವಿಲ್ಲದೆ ಕೊಟ್ಟರು. 1997ರಲ್ಲಿ ಅವಧಿ ಮುಗಿಯುವಷ್ಟರಲ್ಲಿ 25 ಕೋಟಿ ಡಾಲರ್‌ಗೂ ಹೆಚ್ಚು ಬಂದಿತ್ತು. ವರ್ಷಗಟ್ಟಲೆ ಪರೀಕ್ಷೆ ಬೇಡುವ ಔಷಧಕ್ಕೆ ಏಕಸ್ವಾಮ್ಯ ಕೊಡಬೇಕಾಗಬಹುದು. ಆಗಲೂ ಬಳಕೆಯ ಕ್ಷೇತ್ರ ಸೀಮಿತವಾಗಿರಲಿ. ‘ಯುಕ್ತ ಪ್ರಯತ್ನ ಮಾಡಬೇಕು’ ಎಂಬ ಸಾಲಿಗೆ ಬಲವಿಲ್ಲ. ಇಂಥ ತಾರೀಖಿನೊಳಗೆ ಮಾದರಿ ತಯಾರಿ, ಇಂಥ ತಾರೀಖಿನೊಳಗೆ ಮೊದಲ ರೋಗಿಗೆ ಪರೀಕ್ಷೆ, ತಪ್ಪಿದರೆ ಹಕ್ಕು ವಾಪಸ್ ಎಂದು ಬರೆದಿರಬೇಕು. ಇಲ್ಲದಿದ್ದರೆ ಪ್ರತಿಸ್ಪರ್ಧಿಯ ಕೈಗೆ ಸಿಗದಿರಲೆಂದೇ ಲೈಸೆನ್ಸ್ ಪಡೆದು ಸುಮ್ಮನೆ ಇಟ್ಟುಕೊಳ್ಳುವವರನ್ನು ತಡೆಯಲು ದಾರಿಯಿಲ್ಲ. ಸಂಸ್ಥೆಗೂ ಇತರ ಲಾಭರಹಿತ ಪ್ರಯೋಗಾಲಯಗಳಿಗೂ ಸಂಶೋಧನೆಗೆ ಬಳಸುವ ಹಕ್ಕು, ಉಪ-ಲೈಸೆನ್ಸ್ (ಕಂಪನಿ ತಾನು ಪಡೆದ ಹಕ್ಕನ್ನು ಇನ್ನೊಬ್ಬರಿಗೆ ಕೊಡುವುದು) ಆದಾಯದಲ್ಲಿ ಪಾಲು, ಲೆಕ್ಕ ಪರಿಶೋಧಿಸುವ ಅಧಿಕಾರ ಕೈಯಲ್ಲಿರಲಿ. ಮುಂದಿನ ಸುಧಾರಣೆಗಳನ್ನು ಮಾತ್ರ ಈಗಲೇ ಬರೆದುಕೊಡಬೇಡಿ.

ಸರ್ಕಾರ ಬೇಕಾದಾಗ ಮಧ್ಯಪ್ರವೇಶಿಸುತ್ತದೆ ಎಂಬ ಭರವಸೆ ಸಾಲದು. 1980ರ ಬೇ-ಡೋಲ್ ಕಾಯ್ದೆ ಅಂಥ ಅಧಿಕಾರ ಕೊಟ್ಟಿದ್ದರೂ ಮೊದಲ 40 ವರ್ಷಗಳಲ್ಲಿ ಅದನ್ನು ಒಮ್ಮೆಯೂ ಚಲಾಯಿಸಲಿಲ್ಲ. ಷರತ್ತು ಕರಾರಿನಲ್ಲೇ ಇರಬೇಕು.

ಹೀಗಾಗಿ ಅನುದಾನ ಕೊಡುವವರು ವಾರ್ಷಿಕ ವರದಿಯಲ್ಲಿ ಪೇಟೆಂಟ್ ಸಂಖ್ಯೆಯ ಜೊತೆಗೆ ಇನ್ನು ನಾಲ್ಕು ಸಂಖ್ಯೆಗಳನ್ನು ಕೇಳಲಿ: ಲೈಸೆನ್ಸ್ ಆದವು ಎಷ್ಟು, ಅದರಲ್ಲಿ ಏಕಸ್ವಾಮ್ಯದವು ಎಷ್ಟು, ಗಡುವು ತಪ್ಪಿದವು ಎಷ್ಟು, ಹಾಗೆ ತಪ್ಪಿದವುಗಳಲ್ಲಿ ವಾಪಸ್ ಪಡೆದವು ಎಷ್ಟು. ಕಂಪನಿಯ ವ್ಯಾಪಾರ ಗುಟ್ಟು ಬಿಟ್ಟುಕೊಡದೆಯೇ ಇವನ್ನು ಪ್ರಕಟಿಸಬಹುದು.

ಇಂತಿ,
ತಂತ್ರಜ್ಞಾನ ವರ್ಗಾವಣೆ ಕ್ಷೇತ್ರದ ಓದುಗರು