ಎಂಜಿನ್ ಬಂತು, ಕಾನೂನು ಬರಲಿಲ್ಲ

ಮಲ್ಪೆ

ಪ್ರೀತಿಯ ಮಗಳೇ,

ಆಶೀರ್ವಾದಗಳು. ಕೋಪನ್‌ಹೇಗನ್ನಿನ ಯುಎನ್ ಸಿಟಿಯಲ್ಲಿರುವ ಯುಎನ್‌ಡಿಪಿಯ, ಅಂದರೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ, ನಾರ್ಡಿಕ್ ಕಚೇರಿಗೆ ನೀನು ಸೇರುತ್ತಿದ್ದೀಯ ಎಂದು ಅಣ್ಣ ಫೋನು ಮಾಡಿ ಹೇಳಿದ. ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ಸರ್ಕಾರಗಳ ಜೊತೆಗಿನ ಪಾಲುದಾರಿಕೆಯ ಕೆಲಸವಂತೆ. ನಿನ್ನ ಚಿಕ್ಕಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಾಯಿತು. ನನಗೂ ತುಂಬ ಖುಷಿಯಾಗಿದೆ. ಆದರೆ ಮೀನುಗಾರಿಕೆ ಇಲಾಖೆಯಲ್ಲೇ ತಲೆ ನರೆತವನಾದ್ದರಿಂದ, ನೀನು ವಿಮಾನ ಹತ್ತುವ ಮೊದಲು ಒಂದು ಹಳೆಯ ಒಪ್ಪಂದದ ಕತೆಯನ್ನು ನಿನ್ನ ಕಿವಿಗೆ ಹಾಕಬೇಕು ಅನಿಸಿತು. ಫೋನಿನಲ್ಲಿ ಇದೆಲ್ಲ ಆಗುವ ಮಾತಲ್ಲ.

1952ರ ಅಕ್ಟೋಬರ್ 17ರಂದು ವಿಶ್ವಸಂಸ್ಥೆ, ನಾರ್ವೆ, ಭಾರತ ಮೂರೂ ಕೂಡಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ನಮ್ಮ ಇಲಾಖೆಯ ಹಳಬರು ಇವತ್ತಿಗೂ ಇಂಡೋ-ನಾರ್ವೇಜಿಯನ್ ಪ್ರಾಜೆಕ್ಟ್ ಎನ್ನುವುದು ಅದನ್ನೇ. ನಾರ್ವೆ ಇನ್ನೊಂದು ದೇಶದ ಅಭಿವೃದ್ಧಿಗೆಂದು ಕೈಹಾಕಿದ್ದು ಅದೇ ಮೊದಲು. ನೀನು ಸೇರಲಿರುವ ಸಂಸ್ಥೆ ಆಗಿನ್ನೂ ಹುಟ್ಟಿರಲಿಲ್ಲ. 1949ರ ತಾಂತ್ರಿಕ ನೆರವಿನ ಕಾರ್ಯಕ್ರಮವನ್ನೂ 1958ರ ವಿಶೇಷ ನಿಧಿಯನ್ನೂ ಕೂಡಿಸಿ 1965ರಲ್ಲಿ ಯುಎನ್‌ಡಿಪಿ ಮಾಡಿದರು.

ಆಗಿನ ನಾರ್ವೆಯನ್ನು ಈಗಿನ ನಾರ್ವೆ ಅಂದುಕೊಳ್ಳಬೇಡ. 1940ರಿಂದ 45ರವರೆಗೆ ಜರ್ಮನರ ಹಿಡಿತದಲ್ಲಿ ಸವೆದ ದೇಶ ಅದು. ಯುದ್ಧದ ನಂತರ ಅಮೆರಿಕದ ಮಾರ್ಷಲ್ ನೆರವಿನಿಂದ ಚೇತರಿಸಿಕೊಳ್ಳುತ್ತಿತ್ತು. ಉತ್ತರ ಸಮುದ್ರದಲ್ಲಿ ದೊಡ್ಡ ತೈಲ ನಿಕ್ಷೇಪ ಸಿಕ್ಕಿದ್ದು 1969ರಲ್ಲಿ. ಇನ್ನೂ ತಾನೇ ನೆರವು ಪಡೆಯುತ್ತಿದ್ದ ಆ ಸಣ್ಣ ದೇಶ ಭಾರತಕ್ಕೆಂದು ನಿಧಿ ಸ್ಥಾಪಿಸಿತು. ಅಲ್ಲಿನ ಸಾಮಾನ್ಯ ಜನ ಚಂದಾ ಕೊಟ್ಟರು. ನೆರವು ಎಂದರೆಲ್ಲ ಮೋಸ, ಎಲ್ಲದರ ಹಿಂದೆಯೂ ಲಾಭ ಎಂದು ಹೇಳುವವರು ಅಲ್ಲೂ ಇಲ್ಲೂ ನಿನಗೆ ಸಿಗುತ್ತಾರೆ. ಕೇಳು, ಆದರೆ ಆ ಚಂದಾ ಕೊಟ್ಟವರನ್ನು ಮರೆಯಬೇಡ.

ಕೊಲ್ಲಂ ಹತ್ತಿರ ಅಷ್ಟಮುಡಿ ಹಿನ್ನೀರು ಸಮುದ್ರ ಸೇರುವ ಅಳಿವೆಯಲ್ಲಿ ನೀಂಡಕರ ಇದೆ. ಅದೂ ನೆರೆಯ ಶಕ್ತಿಕುಳಂಗರ, ಪುತ್ತನ್‌ತುರ ಊರುಗಳೂ ಯೋಜನೆಯ ಜಾಗ. 1953ರಲ್ಲಿ ಕೆಲಸ ಶುರುವಾಯಿತು. ಕಾಗದದ ಮೇಲಿದ್ದ ಉದ್ದೇಶಗಳು ಒಳ್ಳೆಯವೇ: ಮೀನುಗಾರನ ದುಡಿಮೆಗೆ ಹೆಚ್ಚು ಫಲ, ಹಸಿ ಮೀನು ಕೆಡದೆ ಜನರಿಗೆ ತಲುಪುವುದು, ಊರಿನ ಆರೋಗ್ಯ, ಒಟ್ಟಾರೆ ಬದುಕು ಸುಧಾರಿಸುವುದು. ಆರೋಗ್ಯ ಕೇಂದ್ರ ಬಂತು, ನಲ್ಲಿ ನೀರು ಬಂತು, ಐಸ್ ಫ್ಯಾಕ್ಟರಿ ಬಂತು, ದೋಣಿ ಕಟ್ಟುವ ಯಾರ್ಡು ಬಂತು. ನಲ್ಲಿ ನೀರು ಎಂದರೆ ಆ ಕಾಲದ ಕಡಲತಡಿಯಲ್ಲಿ ಎಷ್ಟು ದೊಡ್ಡ ವಿಷಯ ಎಂದು ನಿನ್ನ ಅಜ್ಜಿ ಇದ್ದಿದ್ದರೆ ಹೇಳುತ್ತಿದ್ದರು.

ದೋಣಿಯ ವಿಷಯದಲ್ಲಿ ನಾರ್ವೆಯವರು ಮೊದಲು ಎಡವಿದರು. ಇರುವ ದೋಣಿಗೇ ಎಂಜಿನ್ ಕೂರಿಸೋಣ, ಮರಳ ದಂಡೆಗೇ ಎಳೆದು ತರೋಣ ಎಂದುಕೊಂಡಿದ್ದರು. ನಮ್ಮ ಪಡುಗಡಲಿನ ಅಲೆಗೆ ಅದು ನಡೆಯಲಿಲ್ಲ. ಆಮೇಲೆ ಅಳಿವೆಯ ಒಳಗೆ ನಿಲ್ಲುವ ಬೇರೆ ಬೋಟುಗಳನ್ನು ಕಟ್ಟಿದರು. ವರ್ಷವರ್ಷವೂ ಅಳತೆ, ಆಕಾರ ಬದಲಿಸಿದರು. ಹೀಗೆ ತಿದ್ದಿಕೊಳ್ಳುತ್ತಾ ಸುಮಾರು ಇಪ್ಪತ್ತು ವರ್ಷ ಉಳಿದರು. ನಿನ್ನ ಮೇಜಿಗೆ ಬರುವ ಯೋಜನೆಗಳ ಅವಧಿ ಮೂರು ವರ್ಷವೋ ನಾಲ್ಕು ವರ್ಷವೋ ಇರುತ್ತದೆ. ಅಷ್ಟರಲ್ಲಿ ತಪ್ಪು ಗೊತ್ತಾಗುತ್ತದೆ, ತಿದ್ದಲು ಸಮಯ ಇರುವುದಿಲ್ಲ. ಅವಧಿ ಹೆಚ್ಚಿಸಿ ಎಂದು ಕೇಳುವುದಕ್ಕೆ ಸಂಕೋಚ ಪಡಬೇಡ.

ಮುಂದೆ ಆದದ್ದೇ ಮುಖ್ಯ. ಬೋಟುಗಳು ಸಮುದ್ರದ ತಳವನ್ನೇ ಗೋರುವ ಟ್ರಾಲ್ ಬಲೆ ಎಳೆಯತೊಡಗಿದಾಗ ಸಿಗಡಿ ರಾಶಿ ಬಿತ್ತು. ಅಮೆರಿಕ, ಜಪಾನಿನಲ್ಲಿ ಅದಕ್ಕೆ ಬೆಲೆ. ಊರವರ ಊಟಕ್ಕೆ ಮೀನು ಎಂದು ಹೊರಟ ಯೋಜನೆ ರಫ್ತಿನ ಸಿಗಡಿಯ ಕಡೆ ತಿರುಗಿತು. ಶಕ್ತಿಕುಳಂಗರದ ಕೆಲವರು ಚೆನ್ನಾಗಿ ಮೇಲೆ ಬಂದರು. ಪುತ್ತನ್‌ತುರದವರು ಅಷ್ಟಾಗಿ ಬರಲಿಲ್ಲ. ಲಾಭ ಕಂಡ ಮೇಲೆ ಸಮುದ್ರಕ್ಕೆ ಕಾಲಿಡದ ವ್ಯಾಪಾರಸ್ಥರೂ ಬೋಟಿಗೆ ಹಣ ಹೂಡಿದರು. 1970ರ ದಶಕದ ಕೊನೆಗೆ ನಾಡದೋಣಿಯವರು ಬೀದಿಗಿಳಿದರು. ಕೇರಳದಲ್ಲಿ 1980ರಲ್ಲಿ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂತು, 1988ರಿಂದ ಮಳೆಗಾಲದಲ್ಲಿ ಟ್ರಾಲಿಂಗ್ ನಿಷೇಧ ಬಂತು. ಎರಡೂ ಬರುವ ಹೊತ್ತಿಗೆ ನಾರ್ವೆಯವರು ಮನೆಗೆ ಹೋಗಿ ಎಷ್ಟೋ ಕಾಲವಾಗಿತ್ತು. 1972ರಲ್ಲಿ ಯೋಜನೆ ಭಾರತ ಸರ್ಕಾರದ ಕೈಗೆ ಪೂರ್ತಿಯಾಗಿ ಬಂದಿತ್ತು.

ನಮ್ಮ ಕಡೆಗೂ ಅದರ ಕೈ ಚಾಚಿತ್ತು. 1960ರ ದಶಕದಲ್ಲಿ ಯೋಜನೆಯ ಕೇಂದ್ರವನ್ನು ಕೊಚ್ಚಿಗೆ ಸಾಗಿಸಿದ ಹೊತ್ತಿನಲ್ಲೇ ಮದರಾಸು ರಾಜ್ಯದ ಮಂಡಪಂಗೂ ಆಗಿನ ಮೈಸೂರು ರಾಜ್ಯದ ಕಾರವಾರಕ್ಕೂ ಕೆಲಸ ಹಬ್ಬಿತು. ಅದಾದ ಮೇಲೆ, 1970ರ ದಶಕದ ನಡುವಿನಲ್ಲಿ ಮಂಗಳೂರಿನಿಂದ, ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸಿನ್ ಬೋಟುಗಳು ಶುರುವಾದವು. ಕೆಲವೇ ವರ್ಷಗಳಲ್ಲಿ ನಮ್ಮ ರಂಪಣಿ ಬಲೆ ಹೆಚ್ಚುಕಡಿಮೆ ಕಾಣೆಯಾಯಿತು. ಹತ್ತಾರು ಜನ ದಂಡೆಯಲ್ಲಿ ನಿಂತು ಒಟ್ಟಿಗೆ ಎಳೆದು, ಬಂಗುಡೆ ಬೂತಾಯಿಯನ್ನು ಪಾಲು ಮಾಡಿಕೊಳ್ಳುತ್ತಿದ್ದ ಬಲೆ ಅದು. ಇದನ್ನು ನಾರ್ವೆಯ ತಲೆಗೆ ಕಟ್ಟುವುದು ಸರಿಯಲ್ಲ. ಇವತ್ತು ಮಲ್ಪೆಯ ದಕ್ಕೆಯಲ್ಲಿ ಓಡಾಡುವ ಹಣ, ನಮ್ಮ ಮಕ್ಕಳು ಓದಿದ ಕಾಲೇಜು, ಎಲ್ಲವೂ ಬೋಟಿನಿಂದಲೇ ಬಂದದ್ದು. ಆದರೆ ಎಷ್ಟು ಟನ್ ಹಿಡಿದರು ಎಂದು ಎಣಿಸಿದವರು ಹಲವರು, ಯಾರ ಪಾಲು ಎಷ್ಟಾಯಿತು ಎಂದು ಎಣಿಸಿದವರು ಕಡಿಮೆ. ಬುಟ್ಟಿ ಹೊತ್ತು ಮನೆಮನೆಗೆ ಹೋಗುತ್ತಿದ್ದ ಹೆಂಗಸರ ಲೆಕ್ಕವನ್ನಂತೂ ಯಾರೂ ಬರೆದಿಡಲಿಲ್ಲ.

ಈಗ ನಾನು ಹೇಳಬೇಕೆಂದಿರುವುದಕ್ಕೆ ಬರುತ್ತೇನೆ. ನಾರ್ವೆಯ ಕಡಲತಡಿಯಲ್ಲಿ ಒಂದು ಕಾಲಕ್ಕೆ ವ್ಯಾಪಾರಿಗಳು ಹೇಳಿದ್ದೇ ಬೆಲೆ. ಸಾಲದಲ್ಲಿ ಮುಳುಗಿದ್ದ ಮೀನುಗಾರರು ಸಂಘ ಕಟ್ಟಿ ಹೋರಾಡಿ 1938ರಲ್ಲಿ ಒಂದು ಕಾಯ್ದೆ ಪಡೆದರು. ಮೀನಿನ ಮೊದಲ ಮಾರಾಟ ಮೀನುಗಾರರ ಸಂಘದ ಮೂಲಕವೇ ಆಗಬೇಕು ಎನ್ನುವುದು ಅದರ ತಿರುಳು. ದೊಡ್ಡ ಟ್ರಾಲರುಗಳು ಸಣ್ಣ ದೋಣಿಯವರನ್ನು ನುಂಗದಂತೆ 1930ರ ದಶಕದಲ್ಲೇ ಅಲ್ಲಿ ಕಡಿವಾಣವನ್ನೂ ಹಾಕಿದ್ದರು. ಅಂದರೆ ಆ ದೇಶ ನೀಂಡಕರಕ್ಕೆ ಬರುವಾಗ ಅದರ ಕೈಯಲ್ಲಿ ಎರಡು ವಸ್ತುಗಳಿದ್ದವು: ಡೀಸೆಲ್ ಎಂಜಿನ್ ಮತ್ತು ತನ್ನದೇ ಮೀನುಗಾರರು ಗೆದ್ದುಕೊಂಡ ಹಕ್ಕು. ಎಂಜಿನ್ ಹಡಗಿನಲ್ಲಿ ಬಂತು. ಸಹಕಾರ ಸಂಘ ಕಟ್ಟುವ ಪ್ರಯತ್ನ ನಡೆದರೂ ಬೇರು ಬಿಡಲಿಲ್ಲ, ಹಕ್ಕಿನ ಮಾತು ದಡ ಸೇರಲಿಲ್ಲ. ಕಾನೂನು ಮಾಡುವುದು ನಮ್ಮ ಸರ್ಕಾರದ ಕೆಲಸ, ಹೊರಗಿನವರದ್ದಲ್ಲ, ಒಪ್ಪುತ್ತೇನೆ. ಆದರೆ ಸಲಹೆ ಕೊಡಲು ಬಂದವರು ಆ ಸಲಹೆಯನ್ನೂ ಅಷ್ಟೇ ಗಟ್ಟಿಯಾಗಿ ಕೊಡಬಹುದಿತ್ತು. ವಿಶ್ವಸಂಸ್ಥೆ ನಡುವೆ ಕುಳಿತದ್ದೂ ಅದಕ್ಕೇ ಅಲ್ಲವೇ? ಮುಂದೆ ದಕ್ಷಿಣ ಕೇರಳದ ಮೀನುಗಾರರು ಹಳ್ಳಿಹಳ್ಳಿಯಲ್ಲಿ ಸಂಘ ಕಟ್ಟಿ, ಏಲಂ ತಮ್ಮ ಕೈಗೆ ತೆಗೆದುಕೊಂಡು, 1980ರಲ್ಲಿ ಒಕ್ಕೂಟವನ್ನೇ ಮಾಡಿಕೊಂಡರು. ತಿರುವನಂತಪುರದಲ್ಲಿ ಎಸ್‌ಐಎಫ್‌ಎಫ್‌ಎಸ್ (ದಕ್ಷಿಣ ಭಾರತ ಮೀನುಗಾರರ ಸಂಘಗಳ ಒಕ್ಕೂಟ) ಎಂದರೆ ಈಗಲೂ ಗೊತ್ತು.

ಆದ್ದರಿಂದ ಮಗಳೇ, ನೆರವು ಕೊಡುವ ದೇಶದ ಅಧಿಕಾರಿ ನಿನ್ನೆದುರು ಕುಳಿತು ನಮ್ಮಲ್ಲಿ ಇಂಥ ತಂತ್ರಜ್ಞಾನ ಇದೆ, ಇಂಥ ಪರಿಣತಿ ಇದೆ ಎಂದಾಗ ಅವರನ್ನು ಮರ್ಯಾದೆಯಿಂದ ಕೇಳು: ಇದು ನಿಮ್ಮಲ್ಲಿ ಬಂದಾಗ ನಿಮ್ಮ ಬಡವರನ್ನು ಯಾವ ಕಾಯ್ದೆ ಕಾಪಾಡಿತು, ಅದಕ್ಕೆ ಹೋರಾಡಿದವರು ಯಾರು? ಆ ಅನುಭವವನ್ನೂ ಯೋಜನೆಯೊಳಗೆ ತರಲು ನೋಡು. ನಾರ್ಡಿಕ್ ದೇಶದವರು ಈ ಪ್ರಶ್ನೆಗೆ ಬೇಸರಪಡುವವರಲ್ಲ ಎಂದು ನನ್ನ ನಂಬಿಕೆ. ಅವರ ಅಜ್ಜಂದಿರ ಕತೆಯೇ ಅದು.

ಹಣದ ವಿಷಯ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಒಂದು ಮಾತು. ಯುಎನ್‌ಡಿಪಿಗೆ ಬರುವ ಹಣದಲ್ಲಿ ಷರತ್ತಿಲ್ಲದ ಮೂಲ ನಿಧಿ ಇತ್ತೀಚಿನ ವರ್ಷಗಳಲ್ಲಿ ಶೇ. 12ರ ಆಸುಪಾಸು. ಮಿಕ್ಕದ್ದರಲ್ಲಿ ಹೆಚ್ಚಿನದು ಇಂಥ ದೇಶಕ್ಕೆ, ಇಂಥ ಕೆಲಸಕ್ಕೆ ಎಂದು ಗುರುತು ಹಾಕಿಯೇ ಬರುತ್ತದೆ. ಗುರುತು ಹಾಕಿದ ಹಣ ಹೆಚ್ಚಿದಷ್ಟೂ ಸಂಸ್ಥೆ ಕಂಟ್ರಾಕ್ಟರನಾಗುತ್ತದೆ. ಇದು ಬೇಡ, ಹೀಗೆ ಮಾಡೋಣ ಎನ್ನುವ ತಾಕತ್ತು ಕಡಿಮೆಯಾಗುತ್ತದೆ. ನಾರ್ವೆ, ಸ್ವೀಡನ್ನುಗಳು ಮೂಲ ನಿಧಿಗೆ ಕೈತುಂಬಾ ಕೊಡುತ್ತಾ ಬಂದ ದೇಶಗಳು. ಆ ಹಣವನ್ನು ಉಳಿಸಿಕೊಳ್ಳುವುದೇ ನಿನ್ನ ಕೆಲಸದಲ್ಲಿ ಅತಿ ದೊಡ್ಡದು ಎಂದು ನನಗೆ ತೋರುತ್ತದೆ. ಹೊಸ ಹೊಸ ಹೆಸರಿನ ಪ್ರಾಜೆಕ್ಟ್ ತಂದವರಿಗೆ ಚಪ್ಪಾಳೆ ಬೀಳುತ್ತದೆ, ಮೂಲ ನಿಧಿ ಉಳಿಸಿದವರ ಹೆಸರನ್ನು ಯಾರೂ ಹೇಳುವುದಿಲ್ಲ. ಆದರೂ ನೀನು ಅದನ್ನೇ ಮಾಡು.

ಕಾಲ ಬಿಗಿಯಾಗಿದೆ. ರಾಷ್ಟ್ರೀಯ ಆದಾಯದ ಶೇ. 0.7ನ್ನು ನೆರವಿಗೆ ಕೊಡಬೇಕೆಂದು ವಿಶ್ವಸಂಸ್ಥೆ ನಿರ್ಣಯ ಮಾಡಿದ್ದು 1970ರಲ್ಲಿ. ಬ್ರಿಟನ್ 2021ರಲ್ಲಿ ಅದನ್ನು 0.5ಕ್ಕೆ ಇಳಿಸಿತು, 2027ಕ್ಕೆ 0.3 ಎಂದಿದೆ. ಸ್ವೀಡನ್ ತನ್ನ ಶೇ. 1ರ ಗುರಿಯನ್ನು ಬಿಟ್ಟಿತು. ಅಮೆರಿಕದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ 2025ರ ಜುಲೈ 1ಕ್ಕೆ ಮುಚ್ಚಿಹೋಯಿತು. ನಾರ್ವೆ ಶೇ. 1ರ ಆಸುಪಾಸಿನಲ್ಲಿ ನಿಂತಿದೆ. ಹೀಗಿರುವಾಗ ಕಚೇರಿಯಲ್ಲಿ ಎಲ್ಲರಿಗೂ ಭಯ ಇರುತ್ತದೆ; ಹಣ ಕೊಡುವವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಆಸೆಯಾಗುತ್ತದೆ. ವರದಿಯಲ್ಲಿ ಬರೀ ಒಳ್ಳೆಯದನ್ನೇ ಬರೆಯಲು ಹೇಳಿದರೆ ಒಪ್ಪಬೇಡ. ಎಡವಿದ್ದನ್ನು ನೀನು ಮುಚ್ಚಿಟ್ಟರೆ ಮುಂದಿನ ಬೋಟನ್ನು ತಿದ್ದುವವರಿಗೆ ದಾರಿಯೇ ಇರುವುದಿಲ್ಲ.

ನಮ್ಮ ದೇಶವೂ ಈಗ ಕೊಡುವವರ ಸಾಲಿನಲ್ಲಿದೆ ಎಂಬುದು ನಿನಗೆ ಗೊತ್ತಿರಬಹುದು. 2017ರಲ್ಲಿ ಭಾರತ-ವಿಶ್ವಸಂಸ್ಥೆ ಅಭಿವೃದ್ಧಿ ಪಾಲುದಾರಿಕೆ ನಿಧಿ ಶುರುವಾಯಿತು. ಪೆಸಿಫಿಕ್‌ನ ಏಳು ದ್ವೀಪ ದೇಶಗಳಿಗೆ ಹವಾಮಾನದ ಮುನ್ನೆಚ್ಚರಿಕೆ ವ್ಯವಸ್ಥೆ ಅದರ ಮೊದಲ ಕೆಲಸ. ಅಲ್ಲಿಯೂ ದಂಡೆಯಲ್ಲಿರುವವರು ಮೀನುಗಾರರೇ. ಮುಂದೊಂದು ದಿನ ನೀನು ಆ ಕಡೆಯ ಕುರ್ಚಿಯಲ್ಲಿ ಕುಳಿತರೂ ಇದೇ ಮಾತು ಹೇಳುತ್ತೇನೆ.

ಒಸ್ಲೋಗೆ ಹೋದಾಗ ಅಲ್ಲಿನವರ ಹತ್ತಿರ ನೀಂಡಕರದ ಹೆಸರು ಹೇಳು. ಹಳೆಯ ಕಡತಗಳನ್ನು ನೋಡಲು ಬಿಟ್ಟರೆ, ಯೋಜನೆಯ ಸಮಿತಿಗಳಲ್ಲಿ ಮೀನುಗಾರರು ಎಷ್ಟು ಮಂದಿ ಇದ್ದರು ಎಂದು ಹುಡುಕಿ ನನಗೆ ಬರೆದು ತಿಳಿಸು. ರಜೆ ಹಾಕುವುದಾದರೆ ಜೂನ್, ಜುಲೈ ಬೇಡ. ಆ 61 ದಿನ ನಮ್ಮಲ್ಲಿ ಬೋಟುಗಳೆಲ್ಲ ದಕ್ಕೆಯಲ್ಲೇ ಇರುತ್ತವೆ. ಸೆಪ್ಟೆಂಬರಿನಲ್ಲಿ ಬಾ. ಉಡುಪಿಯಲ್ಲಿ ನೇತ್ರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ನೇರ ಕೊಲ್ಲಂ. ಇಲಾಖೆಯ ದಿನಗಳಿಂದ ಪರಿಚಯವಿರುವ ಒಬ್ಬರು ಶಕ್ತಿಕುಳಂಗರದಲ್ಲಿದ್ದಾರೆ, ಮಾತಾಡಿಸಿಕೊಂಡು ಬರೋಣ. ಸ್ವೆಟರ್ ಅಲ್ಲೇ ತೆಗೆದುಕೋ, ಇಲ್ಲಿನದು ಅಲ್ಲಿನ ಚಳಿಗೆ ತಡೆಯುವುದಿಲ್ಲ.

ನಿನ್ನ ಚಿಕ್ಕಪ್ಪ