ಮಗಳಿಗೆ, ಆ 24 ಗಂಟೆಗಳ ಬಗ್ಗೆ

ಪ್ರೀತಿಯ ಪುಟ್ಟಿ,

ನೀನು ಫೋನ್ ಇಟ್ಟು ಹನ್ನೊಂದು ದಿನವಾಯಿತು. "ನಿನಗೆ ಗೊತ್ತಿತ್ತೇ ಅಮ್ಮ?" ಎಂದು ಕೇಳಿದೆ, ನಾನು ಬಾಯಿ ತೆರೆಯುವ ಮೊದಲೇ ಕರೆ ಕಡಿದೆ. ಗೊತ್ತಿರಲಿಲ್ಲ. ದೇವರ ಮುಂದೆ ದೀಪ ಹಚ್ಚಿಟ್ಟು ಇದನ್ನು ಬರೆಯುತ್ತಿದ್ದೇನೆ, ನನಗೆ ಗೊತ್ತಿರಲಿಲ್ಲ. ನಿನ್ನ ಬಸುರಿನ ರಕ್ತಪರೀಕ್ಷೆಯಲ್ಲಿ ಯಕೃತ್ತಿಗೆ ತಗುಲುವ ಹೆಪಟೈಟಿಸ್ ಬಿ ವೈರಸ್ ಕಂಡಿದೆ ಎಂದ ಮರುದಿನವೇ ನಾನೂ ನಿನ್ನ ಅಪ್ಪನೂ ದಾವಣಗೆರೆಗೆ ಹೋಗಿ ರಕ್ತ ಕೊಟ್ಟು ಬಂದೆವು. ಅವರಿಗೆ ಇಲ್ಲ. ನನಗಿದೆ. ನನ್ನಿಂದಲೇ ನಿನಗೆ ಬಂದಿರಬೇಕು, ಹುಟ್ಟುವಾಗ.

ಈ ಒಂದು ಮಾತನ್ನು ದಾಟಿ ಮುಂದೆ ಹೋಗಲು ನನ್ನಿಂದ ಆಗುತ್ತಿಲ್ಲ. ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಬಿದ್ದರೆ ಮಗುವಿಗೆ ಸೋಂಕು ಅಂಟುವುದನ್ನು ಬಹುಮಟ್ಟಿಗೆ ತಡೆಯಬಹುದು ಎಂದು ವೈದ್ಯರು ಹೇಳಿದರು. ಅಂದಿನಿಂದ ನಿನ್ನ ಮೊದಲ 24 ಗಂಟೆಗಳನ್ನು ಒಂದೊಂದಾಗಿ ಎಣಿಸುತ್ತಿದ್ದೇನೆ. 1997ರ ಜುಲೈ, ಬೆಳಗಿನ ಜಾವ 4 ಗಂಟೆ 10 ನಿಮಿಷ. ಆರಕ್ಕೆ ಅಜ್ಜಿ ಬಂದು ಹಳೆಯ ಪಂಚೆಯ ತುಂಡಿನಲ್ಲಿ ನಿನ್ನನ್ನು ಸುತ್ತಿದಳು. ಎಂಟಕ್ಕೆ ತೂಕ ನೋಡಿದರು, 2 ಕಿಲೋ 600 ಗ್ರಾಂ. ಮಧ್ಯಾಹ್ನ ಚಳ್ಳಕೆರೆಯಿಂದ ಬಂದ ನಿನ್ನ ಅಪ್ಪ ನಿನ್ನನ್ನು ಎತ್ತಿಕೊಳ್ಳಲು ಹೆದರಿ ಕಿಟಕಿಯ ಬಳಿಯೇ ನಿಂತಿದ್ದರು. ಸಂಜೆ ಮಳೆ ಹಿಡಿಯಿತು, ಕರೆಂಟ್ ಹೋಯಿತು. ರಾತ್ರಿಯಿಡೀ ಮೇಣದ ಬತ್ತಿಯ ಬೆಳಕಿನಲ್ಲಿ ನಿನ್ನ ಕೈಬೆರಳುಗಳನ್ನು ನೋಡುತ್ತಾ ಕುಳಿತಿದ್ದೆ. ಎಷ್ಟೊಂದು ಹೊತ್ತಿತ್ತು ಪುಟ್ಟಿ! ನನ್ನ ರಕ್ತದ ಗುಂಪು ನೋಡಿದ್ದರು, ಇದನ್ನು ನೋಡಿರಲಿಲ್ಲ. ಮರು ತಿಂಗಳೇ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ನಮ್ಮ ದೇಶದಲ್ಲಿಯೇ ತಯಾರಿಸಿದ ಲಸಿಕೆಯನ್ನು ಕಡಿಮೆ ಬೆಲೆಗೆ ಹೊರತಂದಿತು. ಸರ್ಕಾರ ಇದನ್ನು ದೇಶದ ಎಲ್ಲ ಮಕ್ಕಳಿಗೂ ವಿಸ್ತರಿಸಿದ್ದು 2011ರಲ್ಲಿ. ಆ ಹೊತ್ತಿಗೆ ನಿನಗೆ ಹದಿನಾಲ್ಕು.

ನಿನಗೆ ನಾಲ್ಕು ವರ್ಷವಿದ್ದಾಗ ಒಂದು ಶಿಬಿರದಲ್ಲಿ ಮೂರೂ ಡೋಸ್ ಹಾಕಿಸಿ ನಿಶ್ಚಿಂತಳಾಗಿದ್ದೆ. ಆ ಕಾರ್ಡು ಇನ್ನೂ ಬೀರುವಿನಲ್ಲಿದೆ. ಸೋಂಕು ಮೊದಲೇ ಒಳಗಿದ್ದರೆ ಲಸಿಕೆಯಿಂದ ಪ್ರಯೋಜನವಿಲ್ಲ ಎಂಬುದನ್ನು ಮೊನ್ನೆ ತಿಳಿದುಕೊಂಡೆ. ಮೂವತ್ತು ವರ್ಷ ಮಕ್ಕಳಿಗೆ ಯಕೃತ್ತಿನ ಚಿತ್ರ ಬರೆಯಿಸಿದ ವಿಜ್ಞಾನದ ಮೇಷ್ಟ್ರು ನಾನು. ಇದೊಂದಕ್ಕೆ ನನ್ನನ್ನು ಕ್ಷಮಿಸು.

ಈಗ ಓದುತ್ತಿದ್ದೇನೆ. ಈ ವೈರಸ್ ತಾನಾಗಿ ಯಕೃತ್ತಿನ ಕೋಶವನ್ನು ಕೊಲ್ಲುವುದಿಲ್ಲವಂತೆ. ಸೋಂಕಿತ ಕೋಶವನ್ನು ಕೊಲ್ಲುವುದು ನಮ್ಮದೇ ರಕ್ಷಣಾ ವ್ಯವಸ್ಥೆ. ದೊಡ್ಡವರಿಗೆ ಸೋಂಕು ತಗುಲಿದರೆ ನೂರರಲ್ಲಿ ಐದಕ್ಕಿಂತ ಕಡಿಮೆ ಜನರಲ್ಲಿ ಅದು ಉಳಿದುಕೊಳ್ಳುತ್ತದೆ. ಹುಟ್ಟುವಾಗ ತಗುಲಿದ ಮಕ್ಕಳಲ್ಲಿ ಸುಮಾರು ತೊಂಬತ್ತು ಮಂದಿಯಲ್ಲಿ ಉಳಿಯುತ್ತದೆ, ಏಕೆಂದರೆ ಹಸುಗೂಸಿನ ಮೈ ಅದನ್ನು ಹೊರಗಿನದೆಂದು ಗುರುತಿಸಿ ಹೊಡೆದೋಡಿಸಲಾರದು. ಎಷ್ಟೋ ವರ್ಷಗಳ ಮೇಲೆ ಕಾದಾಟ ಶುರುವಾಗುತ್ತದೆ. ಕೋಶ ಸಾಯುತ್ತದೆ, ಅದರ ಜಾಗದಲ್ಲಿ ಹೊಸದು ಹುಟ್ಟುತ್ತದೆ, ಅದಕ್ಕೂ ಸೋಂಕು ತಗುಲುತ್ತದೆ. ಪ್ರತಿ ಹುಟ್ಟಿನಲ್ಲಿಯೂ ಡಿಎನ್‌ಎ ನಕಲು ತಪ್ಪಬಹುದು. ವೈರಸ್ಸಿನ ಡಿಎನ್‌ಎ ತುಂಡುಗಳೂ ನಮ್ಮ ಡಿಎನ್‌ಎಯೊಳಗೆ ಹೊಕ್ಕು ಕೂರುತ್ತವೆ.

ಆದರೆ ನನ್ನನ್ನು ನಿದ್ದೆಗೆಡಿಸಿದ್ದು ಅಕ್ಕಪಕ್ಕದವುಗಳ ಕತೆ. ಯಕೃತ್ತಿನಲ್ಲಿ ನಕ್ಷತ್ರಾಕಾರದ ಕೋಶಗಳಿವೆ. ವಿಟಮಿನ್ ಎ ಕೂಡಿಟ್ಟುಕೊಂಡು ತಮ್ಮ ಪಾಡಿಗೆ ಇರುವಂಥವು. ಪಕ್ಕದಲ್ಲಿ ಉರಿಯೂತ ಎದ್ದಾಗ ಹೊರಡುವ ಸಂದೇಶ ತಲುಪಿದರೆ ಸಾಕು, ಅವು ತಮ್ಮ ಕಣಜ ಬರಿದು ಮಾಡಿಕೊಂಡು ಕೊಲಾಜೆನ್ ನಾರನ್ನು ನೇಯತೊಡಗುತ್ತವೆ. ಗಾಯ ಮುಚ್ಚಲೆಂದೇ ನೇಯುತ್ತವೆ, ಪಾಪ. ಗಾಯ ಮತ್ತೆ ಮತ್ತೆ ಆಗುವುದರಿಂದ ನೇಯ್ಗೆ ನಿಲ್ಲುವುದೇ ಇಲ್ಲ. ಮೃದುವಾದ ಅಂಗಾಂಶ ಗಡುಸಾಗುತ್ತದೆ, ರಕ್ತದ ಹಾದಿ ಬಿಗಿಯುತ್ತದೆ, ಕಾವಲು ಕಾಯುವ ಕೋಶಗಳು ದಣಿಯುತ್ತವೆ. ಕೆಟ್ಟ ಕೋಶವೊಂದು ಹುಟ್ಟುವ ದಿನಕ್ಕೆ ಸುತ್ತಲಿನ ನೆಲವೆಲ್ಲ ಅದಕ್ಕೆ ಹದವಾಗಿರುತ್ತದೆ. ನನ್ನ ಯಕೃತ್ತಿನ ಗಡಸುತನ ಅಳೆದರು. 7 ಕಿಲೋಪಾಸ್ಕಲ್‌ಗಿಂತ ಕಡಿಮೆ ಇರಬೇಕಾದದ್ದು 14 ಇದೆ. ಗಡ್ಡೆ ಇಲ್ಲ. ಮಾತ್ರೆ ಶುರುವಾಗಿದೆ. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ನಿನ್ನ ದೊಡ್ಡ ಮಾವ ನಲವತ್ಮೂರಕ್ಕೆ ಹೊಟ್ಟೆ ಊದಿ ಸತ್ತ. ಊರೆಲ್ಲ ಕುಡಿತ ಎಂದಿತು. ಅವನು ಅಮ್ಮನ ತಲೆ ಮುಟ್ಟಿ ಆಣೆ ಮಾಡಿದ. ಅವನು ಮಲಗಿದ್ದಾಗ ನಾನು ಹತ್ತಿರ ಹೋಗಿ ಅವನ ಬಾಯಿಯ ವಾಸನೆ ನೋಡಿದ್ದೆ. ಏನೂ ಇರಲಿಲ್ಲ. ಆದರೂ ಊರಿನ ಮಾತಿಗೆ ಎದುರಾಡಲಿಲ್ಲ. ಈ ರೋಗಕ್ಕೆ ಅಂಟುವ ಅಪವಾದವನ್ನು ನಾನು ಬಲ್ಲೆ, ಅದಕ್ಕೇ ನಿನ್ನ ವಿಷಯದಲ್ಲಿ ಹೆದರಿದ್ದೆ. ಆದರೆ ವರದಿ ಬಂದ ಸಂಜೆಯೇ ನೀನು ಅತ್ತೆಯ ಎದುರು ಕುಳಿತು ಎಲ್ಲವನ್ನೂ ಹೇಳಿದೆಯಂತೆ, ಅಳಿಯ ತಿಳಿಸಿದರು. ನನ್ನಲ್ಲಿ ಇಲ್ಲದ ಧೈರ್ಯ ಅದು. ಕೇಳಿ ಎದೆ ತುಂಬಿತು.

ಬುದ್ಧಿ ಹೇಳಬಾರದೆಂದುಕೊಂಡೇ ಕುಳಿತಿದ್ದೆ, ಆದರೂ ಕೇಳು. ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಪರೀಕ್ಷೆಯನ್ನು ಮುಂದೂಡಬೇಡ. ಅದು ಒಂದು ಮಿಲಿಲೀಟರಿಗೆ 2 ಲಕ್ಷ ಯೂನಿಟ್ (ಐಯು) ದಾಟಿದ್ದರೆ 28ನೇ ವಾರದಿಂದ ಟೆನೊಫೊವಿರ್ ಮಾತ್ರೆ ಕೊಡುತ್ತಾರೆ, ಮಗುವಿಗೆ ದಾಟದಿರಲೆಂದು. ಲಸಿಕೆಯ ಜೊತೆಗೆ ಮಗುವಿಗೆ ಕೊಡುವ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದೂ ಇರುವ ಆಸ್ಪತ್ರೆಯಲ್ಲೇ ಹೆರಿಗೆಯಾಗಲಿ, ಈಗಲೇ ಕೇಳಿ ಬರೆಸಿಟ್ಟುಕೋ. ಅಳಿಯ ಪರೀಕ್ಷೆ ಮಾಡಿಸಿಕೊಂಡು ಲಸಿಕೆ ಹಾಕಿಸಿಕೊಳ್ಳಲಿ. ಮಗುವಿಗೆ ಎದೆಹಾಲು ಕೊಡಬಹುದು, ಬೇಡ ಎನ್ನುವವರ ಮಾತು ಕೇಳಬೇಡ. ತಟ್ಟೆ ಲೋಟದಿಂದ ಇದು ಅಂಟುವುದಿಲ್ಲ, ನಿನಗೆ ಬೇರೆ ತಟ್ಟೆ ಇಟ್ಟರೆ ಎದ್ದು ಬಾ. ನಿನ್ನ ಯಕೃತ್ತಿನ ಪರೀಕ್ಷೆಯನ್ನು ಹೆರಿಗೆಯಾದ ಮೇಲೂ ಬಿಡಬೇಡ, ಮಗುವಿನ ಗಡಿಬಿಡಿಯಲ್ಲಿ ಎಲ್ಲ ತಾಯಂದಿರೂ ತಮ್ಮದನ್ನು ಮರೆಯುತ್ತಾರೆ. ಮನೆಯ ಕಡಲೆಕಾಯಿ ಈ ಸಲ ಕಳುಹಿಸುವುದಿಲ್ಲ. ಮಳೆಗೆ ನೆನೆದು ಬೂಷ್ಟು ಹಿಡಿದಿದೆ. ಆ ಬೂಷ್ಟಿನ ಅಫ್ಲಟಾಕ್ಸಿನ್ ಎಂಬ ವಿಷ ಈ ಸೋಂಕಿನ ಜೊತೆ ಸೇರಿದರೆ ಯಕೃತ್ತಿನ ಕ್ಯಾನ್ಸರ್ ಅಪಾಯ ಹಲವು ಪಟ್ಟು ಏರುತ್ತದೆ. ಅಂಗಡಿಯದನ್ನೂ ಸುಲಿದು, ನೋಡಿಯೇ ತಿನ್ನು.

ನಿನಗೆ ಕೋಪವಿದ್ದರೆ ಇರಲಿ. ಮಾತನಾಡಬೇಕೆಂದಿಲ್ಲ. ವೈರಸ್ ಎಣಿಕೆಯ ವರದಿ ಬಂದ ದಿನ ಆ ಸಂಖ್ಯೆಯೊಂದನ್ನು ಮೊಬೈಲಿಗೆ ಕಳುಹಿಸು, ರಾತ್ರಿ ಎಷ್ಟು ಹೊತ್ತಾದರೂ ಸರಿ. ನಾನು ಎಚ್ಚರವಾಗಿಯೇ ಇರುತ್ತೇನೆ.

ನಿನ್ನ
ಅಮ್ಮ